ಉಳಿದ ಬಿಸಿಯ ದೊಡ್ಡಮ್ಮ

ಒಂದು ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಳು ಎಂದರೆ ಅರ್ಧ ಸುಳ್ಳಾದೀತು. ಆ ಮನೆಯಲ್ಲಿ ಅವಳು ಇರುತ್ತಾಳೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ತಲೆ ನರೆತವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಊರಿನ ಗಂಡಸರ ಅಂಗಿಯೆಲ್ಲ ನನ್ನ ಕೈಲೇ ಇತ್ತಲ್ಲ, ಇನ್ನು ಒಬ್ಬನದೇ ಯಾಕೆ ಅಂತ ಸುಮ್ಮನಾದೆ" ಎನ್ನುತ್ತಿದ್ದಳು. ಯಜಮಾನ ಲಾಂಡ್ರಿ ಮುಚ್ಚಿದಾಗ ಅದರ ಹಿಂದಿನ ಅವಳ ಕೋಣೆಯೂ ಹೋಯಿತು. ತಂಗಿ ತೀರಿಕೊಂಡು ವರ್ಷಗಳಾಗಿದ್ದವು. ತಂಗಿಯ ಮಗ, ಲೇತ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಆಟೋ ತಂದು ಬಾಗಿಲಲ್ಲಿ ನಿಂತ.

"ಬಾ ದೊಡ್ಡಮ್ಮ, ನಮ್ಮನೇಲಿರು."

"ಚಳಿ ಮುಗಿಯೋವರೆಗೆ ಇದ್ದು ನೋಡ್ತೀನಿ. ಹೊಂದಿದ್ರೆ ಸರಿ. ಇಲ್ಲಾಂದ್ರೆ ಊರಾಚೆ ವೃದ್ಧಾಶ್ರಮ ಇದ್ಯಲ್ಲ, ಅಲ್ಲಿ ಈಗಲೇ ಹೆಸರು ಬರೆಸಿಡು. ಒಬ್ಬರ ಮನೇಲಿ ಮುಳ್ಳಾಗಿ ಕೂರೋಳಲ್ಲ ನಾನು."

ಅವನು ಒಲ್ಲದ ಮನಸ್ಸಿನಿಂದ ಬರೆಸಿಟ್ಟ.

ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಬಚ್ಚಲು, ಅಡುಗೆಮನೆ. ಅಡುಗೆಮನೆ ಎಂದರೆ ಅರ್ಧ ಭಾಗ ಓವನ್‌ನದೇ ಕಾರುಬಾರು. ಅವನ ಹೆಂಡತಿ, ಅಂದರೆ ದೊಡ್ಡಮ್ಮನ ಸೊಸೆ, ಕೇಕು, ಬ್ರೆಡ್ಡು ಬೇಯಿಸಿ ಮಾರುವವಳು. ಮುಚ್ಚಿಹೋದ ಬೇಕರಿಯೊಂದರಿಂದ ಹಳೆಯ ಕರೆಂಟಿನ ಓವನ್ ಕೊಂಡು, ಅದನ್ನು ಒರೆಸಿ, ಬೈದು, ಮುದ್ದಿಸಿ ಕೆಲಸಕ್ಕೆ ಹಚ್ಚಿದ್ದಳು. ಅದು ಕಾಯುವುದಕ್ಕೆ ಒಂದು ಯುಗ ತೆಗೆದುಕೊಳ್ಳುತ್ತಿತ್ತು. ಕಾದ ಮೇಲೆ ಅಡುಗೆಮನೆಯೂ ಅದರ ಜತೆ ಬೇಯುತ್ತಿತ್ತು. ಕರೆಂಟ್ ಬಿಲ್ಲು ಬಂದ ದಿನ ಗಂಡ ಹೆಂಡತಿ ಇಬ್ಬರೂ ಅದನ್ನು ಪರಸ್ಪರರ ಕೈಗೆ ಕೊಟ್ಟುಕೊಂಡು ಬೇರೆ ಮಾತಾಡುತ್ತಿದ್ದರು.

ಇಂಥ ಮನೆಗೆ ದೊಡ್ಡಮ್ಮ ಕಾಲಿಟ್ಟಳು. ಚಪ್ಪಲಿ ಬಿಡುವ ಮೊದಲೇ ಹೊರಗಿನ ದೀಪ ಆರಿಸಿದಳು.

"ಹಗಲು ಹೊತ್ತಲ್ಲಿ ಯಾರಿಗೆ ಇದು, ಸೂರ್ಯನಿಗಾ?"

ಮರುದಿನದಿಂದ ಶುರುವಾಯಿತು. ಗೋಡೆಗೆ ಬೆನ್ನು ಒತ್ತಿ ನಿಂತಿದ್ದ ಫ್ರಿಜ್ಜನ್ನು ತಂಗಿಯ ಮಗನ ಕೈಲಿ ಒಂದು ಗೇಣು ಮುಂದಕ್ಕೆ ಎಳೆಸಿದಳು. "ಪಾಪ, ಉಸಿರಾಡಲಿ. ನಿನ್ನನ್ನ ಗೋಡೆಗೆ ಒತ್ತಿ ನಿಲ್ಲಿಸಿ ಓಡು ಅಂದ್ರೆ ಓಡ್ತೀಯಾ?" ಹಳೆಯ ಲಂಗದ ಬಟ್ಟೆಯಲ್ಲಿ ಮರಳು ತುಂಬಿ ಉದ್ದನೆಯ ದಿಂಬು ಹೊಲಿದು ಬಾಗಿಲ ಸಂದಿಗೆ ಹಾಸಿದಳು; ಚಳಿಗಾಳಿ ಹೊರಗೇ ನಿಂತಿತು, ಕೋಣೆ ಕಾಯಿಸುವ ಹೀಟರ್ ಅರ್ಧ ಹೊತ್ತು ಸುಮ್ಮನಿರತೊಡಗಿತು. ಹಳದಿ ಬಲ್ಬುಗಳು ಒಂದೊಂದಾಗಿ ಹೋಗಿ ಎಲ್‌ಇಡಿ ಬಂದವು. ಟಿವಿ ಆರಿಸಿದ ಮೇಲೂ ಅದರ ಕೆಳಗೆ ಕೆಂಪು ಚುಕ್ಕಿ ಉಳಿಯುತ್ತದಲ್ಲ, ಅದನ್ನು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. "ಕಣ್ಣು ಬಿಟ್ಕೊಂಡು ಮಲಗೋ ಕಳ್ಳ ಇದು" ಎಂದು ಗೋಡೆಯ ಸ್ವಿಚ್ಚನ್ನೇ ಆರಿಸಿ ಬರುತ್ತಿದ್ದಳು.

ಮಗ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಸದ್ದು: "ಏನೋ, ಸ್ನಾನ ಮಾಡ್ತಿದ್ದೀಯಾ, ಇಲ್ಲಾ ಆಲೂಗಡ್ಡೆ ಥರ ಬೇಯ್ತಿದ್ದೀಯಾ? ಗೀಸರ್ ಆರಿಸು, ಬಕೆಟ್ ತುಂಬಿತು!"

ಅವನು ಹೆಂಡತಿಯ ಕಿವಿಯಲ್ಲಿ, "ದೊಡ್ಡಮ್ಮ ಅಲ್ಲ, ಮೇನ್‌ಸ್ವಿಚ್ಚು" ಎಂದ. ಗುಟ್ಟಾಗಿ ಇಟ್ಟ ಹೆಸರು ಎರಡೇ ದಿನದಲ್ಲಿ ಮಹಡಿಯಿಳಿದು ಬೀದಿಗೂ ಮುಟ್ಟಿತು.

ಸೊಸೆ ನಗುತ್ತಿದ್ದಳು. ಆದರೆ ನಗು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಅವಳು ಓದುತ್ತಿದ್ದ ಕೋಣೆಯಿಂದ ನೀರು ಕುಡಿಯಲು ಎದ್ದು ಬಂದರೆ, ವಾಪಸ್ ಹೋಗುವಷ್ಟರಲ್ಲಿ ಕತ್ತಲು. ಒಲೆಯ ಮೇಲೆ ಬೇಳೆ ಇದ್ದರೆ ದೊಡ್ಡಮ್ಮ ಒಲೆಯನ್ನು ಬೇಗ ಆರಿಸಿ, ತಟ್ಟೆ ಮುಚ್ಚಿ, ಮೇಲೆ ದಪ್ಪ ಟವೆಲ್ ಹೊದಿಸಿಬಿಡುತ್ತಿದ್ದಳು. ಆ ಬಿಸಿಯಲ್ಲೇ ಬೇಳೆ ಬೇಯುತ್ತಿತ್ತು ಎನ್ನುವುದು ನಿಜ. ಅದು ತನ್ನ ಒಲೆಯಲ್ಲವೆ ಎಂದು ಸೊಸೆಯ ಒಳಗೆ ಏನೋ ಕುದಿಯುತ್ತಿತ್ತು ಎನ್ನುವುದೂ ನಿಜ.

ದೊಡ್ಡಮ್ಮನ ಈ ವಿದ್ಯೆ ಬಂದದ್ದು ಲಾಂಡ್ರಿಯಿಂದ. ಅಲ್ಲಿ ಬಟ್ಟೆಯನ್ನು ಬಂದ ಹಾಗೆ ಇಸ್ತ್ರಿ ಮಾಡುವ ಪದ್ಧತಿ ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಬಿಸಿಯೇರುವಾಗ ರೇಷ್ಮೆ, ಪೂರ್ತಿ ಕಾದಾಗ ಹತ್ತಿ. ಕೊನೆಗೆ ಪ್ಲಗ್ಗು ಕಿತ್ತು, ಉಳಿದ ಬಿಸಿಯಲ್ಲೇ ನೈಲಾನು, ಕರವಸ್ತ್ರ. ಕರೆಂಟಿಲ್ಲದ ಪೆಟ್ಟಿಗೆಯಲ್ಲಿ ಎಷ್ಟು ಬಟ್ಟೆ ಮುಗಿಸುತ್ತಾಳೆ ಎಂಬುದೇ ಅವಳ ಹೆಗ್ಗಳಿಕೆಯಾಗಿತ್ತು. ಬೆಂಕಿ ಆರಿದ ಮೇಲೂ ಕೆಲಸ ಮುಗಿಯುವುದಿಲ್ಲ ಎನ್ನುವ ನಂಬಿಕೆ ಅವಳ ಅಂಗೈಗೆ ಇಳಿದುಬಿಟ್ಟಿತ್ತು.

ಆ ನಂಬಿಕೆಯೇ ಒಂದು ದಿನ ಕೈಕೊಟ್ಟಿತು.

ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಹಳೆಯ ನರ್ಸಮ್ಮನ ನಿವೃತ್ತಿಗೆ ದೊಡ್ಡದೊಂದು ಕೇಕು ಹೇಳಿದ್ದರು. "ಸಕ್ಕರೆ ಧಾರಾಳವಾಗಿರಲಿ, ನನ್ನ ವ್ಯಾಪಾರವೂ ನಡೀಬೇಕು" ಎಂದಿದ್ದರು. ಸೊಸೆ ಮುಂಜಾನೆಯೇ ಹಿಟ್ಟು ಕಲಸಿ ಓವನ್ನಿಗಿಟ್ಟು, ಡಬ್ಬಿ ತರಲು ಅಂಗಡಿಗೆ ಹೋದಳು. ದೊಡ್ಡಮ್ಮ ಅಡುಗೆಮನೆಗೆ ಬಂದಾಗ ಘಮ ತುಂಬಿತ್ತು. ಗಾಜಿನಿಂದ ಇಣುಕಿದಳು. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿತ್ತು. ಇನ್ನೇನು, ಉಳಿದದ್ದು ಬಿಸಿ ನೋಡಿಕೊಳ್ಳುತ್ತದೆ ಎಂದುಕೊಂಡು ಓವನ್ ಆರಿಸಿದಳು. ತೃಪ್ತಿಯಿಂದ ಹೋಗಿ ಬಟ್ಟೆ ಒಣಹಾಕಿದಳು.

ಸೊಸೆ ಬಂದು ಓವನ್ನಿನ ಬಾಗಿಲು ತೆರೆದಾಗ ಕೇಕು ನಿಟ್ಟುಸಿರು ಬಿಟ್ಟ ಹಾಗೆ ನಡುವೆ ಕುಸಿಯಿತು. ಒಳಗೆ ಹಸಿ ಹಿಟ್ಟು.

"ಯಾರು ಆರಿಸಿದ್ದು?"

ಕೇಳುವುದೇನಿತ್ತು?

"ನಾನೇ ಕಣಮ್ಮ. ಬಿಸಿ ಇತ್ತಲ್ಲ, ಸಾಕಾಗುತ್ತೆ ಅಂತ..."

"ಇದು ನಿಮ್ಮ ಲಾಂಡ್ರಿ ಅಲ್ಲ ದೊಡ್ಡಮ್ಮ! ನನ್ನ ಮನೆ ಇದು. ನನ್ನ ಕೆಲಸ. ಒಂದು ಮಾತು ಕೇಳ್ಬೇಕು ಅಂತ ಅನ್ನಿಸಲಿಲ್ವಾ?"

ಸೊಸೆ ಇನ್ನೊಂದು ಕೇಕು ಬೇಯಿಸಿದಳು, ತಡವಾಗಿ ಕೊಟ್ಟಳು, ಡಾಕ್ಟರ ಹತ್ತಿರ ಮುಖ ಸಣ್ಣದು ಮಾಡಿಕೊಂಡು ಬಂದಳು. ಅಷ್ಟಕ್ಕೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮರುದಿನದಿಂದ ದೊಡ್ಡಮ್ಮ ಏನನ್ನೂ ಆರಿಸಲಿಲ್ಲ. ಬಚ್ಚಲಲ್ಲಿ ದೀಪ ಉರಿಯಿತು, ಅವಳು ಅದರ ಮುಂದೆಯೇ ಹಾದುಹೋದಳು. ಖಾಲಿ ಕೋಣೆಯಲ್ಲಿ ಟಿವಿ ತನ್ನಷ್ಟಕ್ಕೆ ಮಾತಾಡಿಕೊಂಡಿತು. ಬಾಗಿಲ ಸಂದಿಯ ದಿಂಬು ಪಕ್ಕಕ್ಕೆ ಸರಿದರೆ ಸರಿದಲ್ಲೇ ಬಿದ್ದಿತ್ತು. ತಟ್ಟೆ ತೊಳೆಯಲು ಹೋದರೆ, "ತೊಳೀಲಾ ಅಮ್ಮ?" ಎಂದು ಕೇಳುತ್ತಿದ್ದಳು. ಕೂರುವಾಗ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು.

ಮಗ ಕೆಲಸದಿಂದ ಬಂದವನು ಸುತ್ತ ನೋಡಿದ. "ಏನಿದು, ಮದುವೆ ಮನೆ ಥರ ಜಗಜಗ ಅಂತಿದೆ?" ಎಂದು ನಕ್ಕ. ಯಾರೂ ನಗದಿದ್ದಾಗ ಅವನಿಗೇ ಇರುಸುಮುರುಸಾಯಿತು. "ನಿನಗೆ ಹುಷಾರಿಲ್ವಾ ದೊಡ್ಡಮ್ಮ?"

"ಹುಷಾರಾಗಿದ್ದೀನಿ. ಚಳಿ ಮುಗೀತಾ ಬಂತಲ್ಲ. ಆಶ್ರಮದವರಿಗೆ ಒಂದು ಫೋನ್ ಮಾಡಿ ಕೇಳು, ಕೋಣೆ ಯಾವಾಗ ಅಂತ."

ಸೊಸೆ ಅಡುಗೆಮನೆಯಿಂದ ಇದನ್ನು ಕೇಳಿದಳು. ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. ಅವಳು ಮದುವೆಗೆ ಮುಂಚೆ ಒಂದು ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸ ಮಾಡಿದ್ದಳು. ಅತಿಥಿಗಳು ಹೋದ ಮೇಲೆ ಒಳಗೆ ಹೋದರೆ ಎಲ್ಲ ದೀಪಗಳೂ ಉರಿಯುತ್ತಿರುತ್ತಿದ್ದವು, ಫ್ಯಾನು ತಿರುಗುತ್ತಿರುತ್ತಿತ್ತು, ಎಂಥ ಸಭ್ಯರ ಕೋಣೆಯಲ್ಲೂ. ನಮ್ಮದಲ್ಲದ ಜಾಗದಲ್ಲಿ ಆರಿಸಲೆಂದು ನಾವು ಯಾವ ಸ್ವಿಚ್ಚಿಗೂ ಕೈ ಹಾಕುವುದಿಲ್ಲ. ಇಷ್ಟು ದಿನ ಈ ಮುದುಕಿ ನನ್ನ ಮನೆಯಲ್ಲಿ ಯಜಮಾನಿಕೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ, ಅವಳು ಬರೀ ತನ್ನ ಮನೆ ಎಂದು ಇಲ್ಲಿ ಇರುತ್ತಿದ್ದಳು, ಈಗ ಹಾಗೆ ಇರುವುದನ್ನು ನಿಲ್ಲಿಸಿದ್ದಾಳೆ ಎಂದು ಸೊಸೆಗೆ ಹೊಳೆಯಿತು. ತಾನು ಅಂದ "ನನ್ನ ಮನೆ" ಎಂಬ ಮಾತು ಅವಳಿಗೇ ಮುಳ್ಳಾಗಿ ಚುಚ್ಚಿತು.

ಆದರೆ ಕ್ಷಮೆ ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಓವನ್ನು.

ಬೆಳಿಗ್ಗೆ ಬ್ರೆಡ್ಡು ಇಡುವ ಹೊತ್ತಿಗೆ ಕೂಗಿದಳು. "ದೊಡ್ಡಮ್ಮ, ಸ್ವಲ್ಪ ಬನ್ನಿ. ಆವತ್ತು ಇದರ ಬಿಸಿ ಯಾಕೆ ನಿಲ್ಲಲಿಲ್ಲ ಹೇಳಿ."

"ನನಗೇನು ಗೊತ್ತಮ್ಮ ಇದರದ್ದು."

"ಗೊತ್ತಿಲ್ದೆ ಆರಿಸಿದ್ರಲ್ಲ, ಈಗ ಗೊತ್ತು ಮಾಡ್ಕೊಳ್ಳಿ."

ದೊಡ್ಡಮ್ಮ ಅವಳ ಮುಖ ನೋಡಿದಳು. ಅಲ್ಲಿ ಕೋಪ ಇರಲಿಲ್ಲ. ನಿಧಾನವಾಗಿ ಬಂದು, ಕಾಯುತ್ತಿದ್ದ ಓವನ್ನಿನ ಬಾಗಿಲ ಸುತ್ತ ಮುಟ್ಟದ ಹಾಗೆ ಅಂಗೈ ಆಡಿಸಿದಳು. ಎಡಗಡೆ ಏನಿಲ್ಲ. ಕೆಳಗೆ ಬಂದಾಗ ಕೈ ಸರ್ರನೆ ಹಿಂದಕ್ಕೆ ಬಂತು.

"ಅಯ್ಯೋ, ಇಲ್ಲಿ ಸೋರ್ತಿದೆಯಲ್ಲೇ! ನೀನು ಬೀದಿಗೆಲ್ಲ ಬಿಸಿ ಹಂಚ್ತಿದ್ದೀಯ."

ಸೊಸೆ ಬಗ್ಗಿ ನೋಡಿದಳು. ಬಾಗಿಲ ಅಂಚಿನ ರಬ್ಬರ್ ಪಟ್ಟಿ ಗಟ್ಟಿಯಾಗಿ, ಬಿರುಕು ಬಿಟ್ಟು, ಒಂದು ಕಡೆ ಪೂರ್ತಿ ಉದುರಿಹೋಗಿತ್ತು. ದಿನಾ ಒರೆಸುತ್ತಿದ್ದಳು, ಆದರೆ ಅಲ್ಲಿಗೆ ಕಣ್ಣು ಹೋಗಿರಲಿಲ್ಲ. ಓವನ್ ಕಾಯಲು ಯುಗ ತೆಗೆದುಕೊಳ್ಳುತ್ತಿದ್ದದ್ದು, ಅಡುಗೆಮನೆ ಬೇಯುತ್ತಿದ್ದದ್ದು, ಬಿಲ್ಲು ಏರುತ್ತಿದ್ದದ್ದು ಎಲ್ಲಕ್ಕೂ ಮೂಲ ಅಲ್ಲಿತ್ತು.

ಸಂಜೆ ಮಗ ಹೊಸ ಪಟ್ಟಿ ತಂದು ಕೂರಿಸಿದ. ಮರುದಿನ ದೊಡ್ಡಮ್ಮ, ಸೊಸೆ ಇಬ್ಬರೂ ಮನೆಗೆಂದೇ ಒಂದು ಕೇಕು ಇಟ್ಟು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರು.

"ಈಗ ಆರಿಸೋಣ" ಎಂದಳು ದೊಡ್ಡಮ್ಮ.

"ಇಲ್ಲ, ನಡು ಇನ್ನೂ ನಡುಗ್ತಿದೆ. ಮೇಲಿನ ಬಣ್ಣ ನೋಡಿ ಮೋಸ ಹೋಗ್ಬೇಡಿ."

"ಹೌದಾ? ನನಗೆ ಬಟ್ಟೇಲಿ ಮೇಲೇ ಎಲ್ಲ. ಒಳಗೆ ಏನೂ ಇರಲ್ಲ."

"ಕೇಕಲ್ಲಿ ಒಳಗೇ ಎಲ್ಲ, ದೊಡ್ಡಮ್ಮ."

ಆ ಕೇಕೂ ಸ್ವಲ್ಪ ಹಸಿಯಾಯಿತು. ಸೊಸೆಯೇ ಅವಸರ ಮಾಡಿದ್ದಳು. ಮಗ ಚಮಚದಲ್ಲಿ ತಿಂದು, "ಪಾಯಸ ಚೆನ್ನಾಗಿದೆ" ಎಂದ. ಅದರ ಮುಂದಿನದು ಸರಿಹೋಯಿತು. ನಡು ಅಲುಗದೆ ನಿಂತ ಮೇಲೆ ಆರಿಸಬೇಕು, ಬಾಗಿಲು ತೆರೆಯದೆ ಬಿಡಬೇಕು. ಅದು ಇಬ್ಬರೂ ಸೇರಿ ಕಂಡುಕೊಂಡ ಹದ. ದೊಡ್ಡಮ್ಮ ಅಲ್ಲಿಗೂ ಬಿಡಲಿಲ್ಲ. ಕೇಕು ತೆಗೆದ ಮೇಲೆ ಉಳಿದ ಬಿಸಿಗೆ ಹಿಂದಿನ ದಿನದ ಬ್ರೆಡ್ಡಿನ ಹೋಳುಗಳನ್ನು ಇಟ್ಟಳು. ಸಾಯಂಕಾಲಕ್ಕೆ ಗರಿಗರಿ ರಸ್ಕು. ಸೊಸೆ ಒಂದನ್ನು ಮುರಿದು, ಕಚ್ಚಿ, ಇನ್ನೊಂದು ತಟ್ಟೆ ಬ್ರೆಡ್ಡು ಹೆಚ್ಚತೊಡಗಿದಳು.

ಅಷ್ಟರಲ್ಲಿ ಮಗ ಫೋನ್ ಹಿಡಿದು ಬಾಗಿಲಲ್ಲಿ ಬಂದು ನಿಂತ. ಅದನ್ನು ಕೈಯಿಂದ ಮುಚ್ಚಿಕೊಂಡು ಮೆಲ್ಲಗೆ, "ಆಶ್ರಮದವರು. ಕೋಣೆ ಖಾಲಿಯಾಗಿದೆಯಂತೆ. ಏನು ಹೇಳ್ಲಿ?" ಎಂದ.

ಸೊಸೆ ಚಾಕು ಕೆಳಗಿಟ್ಟಳು. ದೊಡ್ಡಮ್ಮ ಅವಳ ಕಡೆ ನೋಡಿದಳು. ಸೊಸೆ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು.

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮಗನತ್ತ ತಿರುಗಿದಳು.

"ಬಚ್ಚಲಲ್ಲಿ ಗೀಸರ್ ಹಾಕಿ ಇಲ್ಲಿ ನಿಂತು ಹರಟೆ ಹೊಡೀತಿದ್ದೀಯಲ್ಲೋ. ನಿಮ್ಮಪ್ಪನ ಮನೆ ಕರೆಂಟಾ ಅದು? ಹೋಗು, ಮೊದಲು ಆರಿಸಿ ಬಾ."

ಅವನು ಹೋಗಿ ಆರಿಸಿದ. ಆಮೇಲೆ ಫೋನನ್ನು ಕಿವಿಗೆ ಹಿಡಿದು, ಆ ಕೋಣೆಯನ್ನು ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿದ.