ಮಳವಳ್ಳಿ ಬಸ್ಸಿಗೊಂದು ಪ್ರಾರ್ಥನಾ ಚೀಟಿ

ಉಸಿರು ಕೊಟ್ಟವನಿಗೆ ಮೊದಲ ಸ್ತೋತ್ರ. ಕೊಟ್ಟ ಉಸಿರನ್ನು ಎಪ್ಪತ್ತನಾಲ್ಕು ವರ್ಷವಾದರೂ ಹಿಂದಕ್ಕೆ ಕೇಳದೆ ಸುಮ್ಮನಿರುವವನಿಗೆ ಎರಡನೆಯದು. ದಿನವೂ ಮುಂಜಾನೆ ಬಿಸಿ ಕಾಫಿಯನ್ನು ದಯಪಾಲಿಸುವವನಿಗೆ ಮೂರನೆಯದು. (ದಯಪಾಲಿಸುವವನು ಪರಲೋಕದಲ್ಲಿದ್ದರೂ ಹಾಲು ಕಾಯಿಸುವವಳು ಅಡುಗೆಮನೆಯಲ್ಲಿದ್ದಾಳೆ ಎಂಬ ಸಂಗತಿ ನಮ್ಮಂಥ ಭಕ್ತರ ಗಮನಕ್ಕೆ ಬರುವುದು ಸ್ವಲ್ಪ ತಡವಾಗಿ.)

ಇನ್ನು ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳ ಒಂದು ಭಾನುವಾರ ನಮ್ಮ ಪ್ರಭುದಾಸ ಹತ್ತೊಂಬತ್ತು ಜನರ ನಡುವೆ ಮೊಣಕಾಲೂರಿ, ಕಣ್ಣೀರು ಸುರಿಸಿ, ತನ್ನ ವಿರುದ್ಧವೇ ಪ್ರಾರ್ಥನೆ ಮಾಡಿದ. ಯಾರ ವಿರುದ್ಧ ಪ್ರಾರ್ಥಿಸುತ್ತಿದ್ದೇನೆ ಎಂಬುದು ಅವನಿಗೆ ಮಾತ್ರ ತಿಳಿದಿರಲಿಲ್ಲ.

ಅವನನ್ನು ಅರಿಯದವರಿಗಾಗಿ ನಾಲ್ಕು ಮಾತು. ಪ್ರಭುದಾಸನಿಗೆ ಮದ್ದೂರಿನಲ್ಲಿ ಪಂಪುಸೆಟ್ಟು, ಪೈಪುಗಳ ಅಂಗಡಿ. ನಮ್ಮ ಚರ್ಚಿನ ಸಭೆಯ ಹಿರಿಯ. ಐವತ್ತೈದರ ಗಟ್ಟಿ ಆಳು. ಕಂಠ ಅದಕ್ಕಿಂತಲೂ ಗಟ್ಟಿ. ಮಂಗಳವಾರ ಮಂಡ್ಯದ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿ, ಕೈಯಲ್ಲಿ ಬ್ರೆಡ್ಡು, ಬಾಳೆಹಣ್ಣು. ಗುರುವಾರ ಮನೆಯಲ್ಲಿ ಉಪವಾಸ ಪ್ರಾರ್ಥನೆ. (ಉಪವಾಸ ಮುಗಿಯುವುದು ಮೂರು ಗಂಟೆಗೆ. ಮುಗಿದೊಡನೆ ನಲವತ್ತು ಜನಕ್ಕೆ ಪಲಾವು. ಪಲಾವಿಗಾಗಿಯೇ ಉಪವಾಸವಿರುವವರೂ ಉಂಟು. ಹೆಸರು ಹೇಳಲಾರೆ, ಅವರಲ್ಲಿ ನಾನೂ ಒಬ್ಬ.)

ಇದಲ್ಲದೆ ಪ್ರತಿದಿನ ಬೆಳಗ್ಗೆ ಐದೂವರೆಗೆ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ‘ಇಂದಿನ ತಂದೆಗೊಂದು ಮಾತು’ ಎಂಬ ಅವನ ಸಂದೇಶ ಅವತರಿಸುತ್ತದೆ. ಪಿಯುಸಿ ಓದುವ ಅವನ ಮಗಳು ಕೃಪಾ ಒಮ್ಮೆ ನನ್ನೊಡನೆ ಹೇಳಿದ್ದಳು:

“ಅಪ್ಪ ನಮ್ಮನ್ನ ಮಾತಾಡ್ಸೋದೇ ಗ್ರೂಪಲ್ಲಿ ತಾತ. ಪಕ್ಕದ್ ರೂಮಿಂದ.”

ಆ ಭಾನುವಾರ ಅವರ ಮನೆಯಲ್ಲಿ ಗೃಹ ಪ್ರಾರ್ಥನೆ. ತಿಂಗಳಿಗೊಂದು ಮನೆಯಂತೆ ಸರದಿ ಬರುತ್ತದೆ. ಸಂದೇಶ ಕೊಡಲು ನನ್ನನ್ನು ಕರೆದಿದ್ದರು. ವಿಷಯ: ಮನೆಯಲ್ಲಿ ಒಳ್ಳೆಯ ಕ್ರೈಸ್ತ ತಂದೆ, ಒಳ್ಳೆಯ ಗಂಡ. ವಿಷಯವನ್ನು ಆರಿಸಿದವನು? ಪ್ರಭುದಾಸನೇ.

ಮಂಡ್ಯದಿಂದ ಮುಂಚಿತವಾಗಿಯೇ ಹೊರಟು ಎರಡೂವರೆಗೆ ತಲುಪಿದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಪ್ರಭುದಾಸನ ಹೆಂಡತಿ ಸುಗುಣ ಟವೆಲು ತಂದುಕೊಟ್ಟಳು. ಆಕೆ ನನ್ನ ಶಿಷ್ಯೆ. ಮಳವಳ್ಳಿಯ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಬಳಿ ಕನ್ನಡ ಓದಿದವಳು. ಟವೆಲು ಕೊಟ್ಟವಳು ಹೋಗಲಿಲ್ಲ.

“ಮೇಷ್ಟ್ರೇ, ಅವ್ವ ಬಚ್ಚಲಲ್ಲಿ ಜಾರ್ ಬಿದ್ದು ಸೊಂಟ ಮುರ್ಕಂಡವ್ಳೆ. ಆಪರೇಸನ್ ಆಗಿ ಅನ್ನೆಲ್ಡು ದಿನ ಆಯ್ತು. ಮಳವಳ್ಳಿಲಿ ತಮ್ಮನ್ ಮನೇಲವ್ಳೆ. ಅವ್ನು ಬೆಳಗಾಗೆದ್ದು ಆಲಿನ ವ್ಯಾನು ಓಡ್ಸಕ್ಕೋಯ್ತನೆ. ಅವ್ನೆಂಡ್ರು ಎರಿಗೆಗೆ ತವರಿಗೋಗವ್ಳೆ. ಪಕ್ಕದ್ಮನೆ ಟೈಲರ್ ಸಾಬ್ರ ಎಂಡ್ರು ಜುಬೇದಕ್ಕನೇ ನೀರು, ಬಟ್ಟೆ, ಎಲ್ಲಾನೂ ನೋಡ್ಕತಾವ್ಳೆ. ಒಂದತ್ತು ದಿನ ಓಗ್ಬತ್ತೀನಿ ಅಂದ್ರೆ ಇವ್ರು ಬುಡ್ತಿಲ್ಲ. ಗುರ್ವಾರದ ಅಡ್ಗೆ ಯಾರ್ ಮಾಡ್ತರೆ ಅಂತರೆ.”

ಹತ್ತು ದಿನ. ಆಕೆ ಕೇಳಿದ್ದು ಅಷ್ಟೇ. ಮದ್ದೂರಿನಿಂದ ಮಳವಳ್ಳಿಗೆ ಒಂದು ಗಂಟೆಯ ಹಾದಿ. ಅವರ ಮನೆಯಿರುವುದೂ ಆ ರಸ್ತೆಯಲ್ಲೇ. ಮಳವಳ್ಳಿಯ ಬಸ್ಸುಗಳು ಬಾಗಿಲ ಮುಂದೆಯೇ ಹಾರನ್ನು ಹೊಡೆದುಕೊಂಡು ಹೋಗುತ್ತವೆ. ಹನ್ನೆರಡು ದಿನದಿಂದ ಆಕೆ ಅಡುಗೆಮನೆಯಲ್ಲಿ ನಿಂತು ಆ ಹಾರನ್ನುಗಳನ್ನು ಕೇಳುತ್ತಿದ್ದಾಳೆ.

ಪ್ರಭುದಾಸ ಅತ್ತೆಯನ್ನು ಕಡೆಗಣಿಸಿದ ಎಂದು ಹೇಳಿದರೆ ಅಪಚಾರವಾದೀತು. ಆಪರೇಷನ್ನಿನ ದಿನ ಮಂಡ್ಯದ ಆಸ್ಪತ್ರೆಗೆ ಹೋಗಿದ್ದ. ಹಾಸಿಗೆಯ ಪಕ್ಕದಲ್ಲಿ ನಿಂತು ಪ್ರಾರ್ಥಿಸಿದ ಫೋಟೋವನ್ನು ಸ್ಟೇಟಸ್ಸಿಗೂ ಹಾಕಿದ್ದ. ಅಂದು ಮಂಗಳವಾರವೇ ಆಗಿದ್ದುದು ದೇವರ ಕೃಪೆ.

ಸುಗುಣಳಿಗೆ ನಾನೇನು ಹೇಳಿದೆ? ಆಕೆಗೆ ಅಕ್ಷರ ತಿದ್ದಿಸಿದ ಗುರು, ಅವಳ ಗಂಡ ಗೌರವಿಸುವ ನಾಲ್ಕು ಜನರಲ್ಲಿ ಒಬ್ಬ, ನಾನು ಹೇಳಿದ್ದಿಷ್ಟು:

“ಪ್ರಾರ್ಥನೆ ಮಾಡ್ತೀನಮ್ಮ.”

“ಎಲ್ರೂ ಅಂಗೇ ಯೋಳ್ತರೆ ಮೇಷ್ಟ್ರೇ” ಎಂದು ಒಳಗೆ ಹೋದಳು.

(ನಮ್ಮವರಲ್ಲಿ ಈ ಮಾತಿಗೊಂದು ವಿಶೇಷಾರ್ಥವಿದೆ: ಎದ್ದು ಹೋಗಿ ಮಾಡಬೇಕಾದ್ದನ್ನು ಕುಳಿತಲ್ಲಿಂದಲೇ ಮೇಲಿನವನಿಗೆ ವರ್ಗಾಯಿಸುವುದು.)

ಮೂರು ಗಂಟೆಗೆ ಜನ ಸೇರಿದರು. ಕೀರ್ತನೆಯಾಯಿತು. ನಾನು ನಲವತ್ತು ನಿಮಿಷ ಮಾತಾಡಿದೆ. ಗಂಡನಾದವನು ಛತ್ರಿಯಂತಿರಬೇಕು, ತಾನು ನೆನೆದು ಒಳಗಿನವರನ್ನು ಕಾಯಬೇಕು ಎಂದೆ. ಪ್ರಭುದಾಸ ಪ್ರತಿ ವಾಕ್ಯಕ್ಕೂ “ಸ್ತೋತ್ರ!” ಎಂದ. ಅವನಷ್ಟು ಮನಸ್ಸಿಟ್ಟು ಕೇಳಿದವರು ಬೇರೆ ಯಾರೂ ಇರಲಿಲ್ಲ. ಸುಗುಣ ಆಗ ಒಳಗೆ ಕಾಫಿಗೆ ಹಾಲಿಡುತ್ತಿದ್ದಳು.

ಆಮೇಲೆ ಚೀಟಿಗಳ ಸರದಿ. ಬಾಯಿಬಿಟ್ಟು ಹೇಳಲಾಗದ ಕಷ್ಟವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು ನಮ್ಮಲ್ಲಿನ ಪದ್ಧತಿ. ಹೆಸರು ಬರೆಯುವಂತಿಲ್ಲ. ಯಾರೆಂಬುದು ದೇವರಿಗೆ ಗೊತ್ತಿದ್ದರೆ ಸಾಕು. ಹಿರಿಯನಾದವನು ಒಂದೊಂದನ್ನೇ ಓದಿ ಪ್ರಾರ್ಥಿಸುತ್ತಾನೆ. ಉಳಿದವರು ಆಮೆನ್ ಅನ್ನುತ್ತಾರೆ. ಅಂದಿನ ಹಿರಿಯ ಮನೆಯ ಯಜಮಾನನೇ.

ಮೊದಲನೆಯದು ಯಾರದೋ ಮಂಡಿನೋವು. ಎರಡನೆಯದು ಮಗನ ಪರೀಕ್ಷೆ. ಮೂರನೆಯದು ಹಾಲು ಬಿಗಿಹಿಡಿದ ಹಸು. ಎಲ್ಲವನ್ನೂ ಪ್ರಭುದಾಸ ಸಮಾನ ಉತ್ಸಾಹದಿಂದ ಪರಲೋಕಕ್ಕೆ ತಲುಪಿಸಿದ.

ನಾಲ್ಕನೆಯದನ್ನು ಅವನು ಬಿಡಿಸುತ್ತಿದ್ದಂತೆಯೇ ಪಕ್ಕದಲ್ಲಿದ್ದ ನನಗೆ ತಿಳಿದುಹೋಯಿತು. ‘ಳ’ಕಾರದ ಬಾಲವನ್ನು ಕೆಳಗಿನ ಸಾಲಿನವರೆಗೂ ಎಳೆಯಬೇಡ ಎಂದು ಒಬ್ಬ ಹುಡುಗಿಯನ್ನು ಮೂರು ವರ್ಷ ಗದರಿಸಿದ್ದೆ. ಆ ಬಾಲಗಳು ಇನ್ನೂ ನೇತಾಡುತ್ತಲೇ ಇದ್ದವು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡನಿಗೆ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆಕೆ ಬರೆಯುತ್ತಿದ್ದುದು ದಿನಸಿ ಪಟ್ಟಿಯನ್ನು. ಅದನ್ನು ಓದುತ್ತಿದ್ದವನು ದಿನಸಿ ಅಂಗಡಿಯವನು.

ಪ್ರಭುದಾಸ ಗಟ್ಟಿಯಾಗಿ ಓದಿದ: “ಒಬ್ಬ ತಾಯಿ ಕಾಲೂರಲಾರದೆ ಮಲಗಿದ್ದಾಳೆ. ಮಗಳು ಹೋಗಿ ಹತ್ತು ದಿನ ನೋಡಿಕೊಳ್ಳಬೇಕೆಂದಿದ್ದಾಳೆ. ಅವಳ ಗಂಡ ಬಿಡುತ್ತಿಲ್ಲ. ಅವನ ಮನಸ್ಸು ಕರಗುವಂತೆ ಪ್ರಾರ್ಥಿಸಿರಿ.”

ಕನ್ನಡಕ ತೆಗೆದ. ಕಣ್ಣೊರೆಸಿಕೊಂಡ. ಒಂದು ಗಳಿಗೆಯಾದರೂ ಅನುಮಾನ ಸುಳಿಯಿತೇ? ಇಲ್ಲ. ಕೆಟ್ಟ ಗಂಡ ಎಂಬುವವನು ಯಾವಾಗಲೂ ಬೇರೊಂದು ಮನೆಯಲ್ಲಿ ವಾಸಿಸುವವನಲ್ಲವೇ?

“ಕರ್ತನೇ, ಆ ಕಲ್ಲೆದೆಯವನನ್ನು ನೋಡು! ಐಗುಪ್ತದ ಅರಸನಂತೆ ಬಿಗಿದುಕೊಂಡಿರುವ ಅವನ ಹೃದಯವನ್ನು ಒಡೆ! ಅವನು ಉಂಡ ಅನ್ನ ರುಚಿಸದಿರಲಿ! ಮಲಗಿದರೆ ನಿದ್ದೆ ಹತ್ತದಿರಲಿ! ಇಂದೇ, ಈ ಗಳಿಗೆಯೇ, ಆ ಮಗಳಿಗೆ ಬಾಗಿಲು ತೆರೆ!”

ಹತ್ತೊಂಬತ್ತು ಕಂಠಗಳು ಆಮೆನ್ ಎಂದವು. ಎಲ್ಲಕ್ಕಿಂತ ದೊಡ್ಡದು ಅವನದೇ. ನಾನೂ ಅಂದೆ, ಬಹಳ ಸಣ್ಣಗೆ.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಬಚಾವು. ಆದರೆ ಧರ್ಮಾವೇಶ ಅಷ್ಟು ಬೇಗ ಇಳಿಯುತ್ತದೆಯೇ?

“ಹೆಸ್ರು ಕೇಳ್ಬಾರ್ದು, ಗೊತ್ತು. ಆದ್ರೂ ಯಾರ್ ಮನೆ ಅಂತ ಯಾರಾದ್ರೂ ಗುಟ್ಟಾಗಿ ನಂಗೆ ಹೇಳಿ. ನಾಳೇನೇ ನಾವ್ ನಾಲ್ಕು ಜನ ಹಿರಿಯರು ಹೋಗಿ ಅವನಿಗೆ ಬುದ್ಧಿ ಹೇಳಾಣ. ಇಂಥೋರಿಂದ ಸಭೆಗೇ ಕೆಟ್ಟ ಹೆಸ್ರು.”

ನಿಡಘಟ್ಟದಿಂದ ಬಸ್ಸಿನಲ್ಲಿ ಬಂದಿದ್ದ ಎಂಬತ್ತರ ರಾಹೇಲಮ್ಮ ಮೂಲೆಯಿಂದ ದನಿಗೂಡಿಸಿದರು: “ಯಾವೂರವನ್ಲಾ ಪ್ರಭು ಅವ್ನು? ಎತ್ತವ್ವನ್ನ ನೋಡ್ಬ್ಯಾಡ ಅಂತನಾ? ಅವ್ನ್ ಮೊಕಕ್ಕಷ್ಟು!”

ಸುಗುಣ ಕಾಫಿಯ ತಟ್ಟೆ ಹಿಡಿದು ಬಂದಳು. ಒಂದೊಂದೇ ಲೋಟವನ್ನು ಕೊಡುತ್ತ, ದನಿ ಏರಿಸದೆ ಹೇಳಿದಳು:

“ನಾಳೆಗಂಟ ಯಾಕೆ? ಅಂಗೇನ್ ದೂರಾನೂ ಇಲ್ಲ. ಇದೇ ಮನೆ. ಕುಂತ್ಕಳಿ, ಕಾಪಿ ಆರೋಯ್ತದೆ.”

ಮೊದಲು ಅರ್ಥವಾದದ್ದು ರಾಹೇಲಮ್ಮನಿಗೆ. “ಅಯ್ಯೋ ನಿನ್ನ! ಇಷ್ಟೊತ್ತೂ ನಿಂಗೇ ನೀನೇ ಸಾಪ ಆಕ್ಕಂಡ್ಯೇನ್ಲಾ?” ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಕೃಪಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ಉಳಿದವರೆಲ್ಲ ಕಾಫಿಯನ್ನು ಅತ್ಯಂತ ಭಕ್ತಿಯಿಂದ ನೋಡತೊಡಗಿದರು.

“ಮನೆ ಮಾತ್ನ ಸಭೆಗೆ ತತ್ತೀಯಾ?” ಪ್ರಭುದಾಸನ ಮುಖ ಕೆಂಪಾಗಿತ್ತು. “ನಾನು ಹೋಗ್ಬೇಡ ಅಂದ್ನಾ? ಗುರುವಾರ ಕಳೀಲಿ ಅಂದೆ.”

“ಎಲ್ಡು ಗುರ್ವಾರ ಕಳೀತು. ವಾರವಾರಕ್ಕೂ ಒಂದೊಂದು ಬತ್ತಾನೇ ಅದೆ.”

“ದೇವರ ಸೇವೆ ಕಣೇ ಅದು!”

“ಮಾಡಿ. ಬ್ಯಾಡ ಅಂದೋರ್ಯಾರು? ನಮ್ಮವ್ವನ ಸೇವೆನ ಜುಬೇದಕ್ಕ ಮಾಡ್ತವ್ಳಲ್ಲ, ಅದ್ಯಾವ್ ದೇವ್ರದ್ದು?”

ಈ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಅತ್ಯಂತ ಅರ್ಹನಾದವನು ನಾನು. ಐವತ್ತು ವರ್ಷದಿಂದ ದೇವರ ವಾಕ್ಯವನ್ನು ವ್ಯಾಖ್ಯಾನ ಮಾಡುತ್ತ ಬಂದವನು. ಕಾಫಿ ಕುಡಿದೆ.

ಬಾಗಿಲ ಹಿಂದಿನಿಂದ ಆಕೆ ಒಂದು ಬ್ಯಾಗು ತೆಗೆದಳು. ಮೊದಲೇ ತುಂಬಿಟ್ಟಿದ್ದಳು. “ಯಾರ್ನ ಕೇಳಿ ಹೊರಟೆ?” ಎಂದ ಪ್ರಭುದಾಸ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

“ನಿಮ್ಮನ್ನ ಕೇಳ್ದೆ, ಬುಡ್ನಿಲ್ಲ. ದೇವ್ರನ್ನ ಕೇಳ್ದೆ. ನನ್ ಪರವಾಗಿ ನೀವೇ ಕೇಳ್ಕೊಟ್ರಿ. ಅತ್ತೊಂಬತ್ತು ಜನ ಆಮೆನ್ ಅಂದವ್ರೆ. ಇನ್ ಯಾರ್ನ ಕೇಳ್ಬೇಕು?”

ಕೃಪಾ ಹೇಳಿದಳು: “ನೀನ್ ಹೋಗಮ್ಮ. ಅನ್ನ ನಾನ್ ಮಾಡ್ತೀನಿ. ಸಾರು ಅಪ್ಪ ಮಾಡ್ತಾರೆ.”

ಐದು ಗಂಟೆಯ ಬಸ್ಸಿಗೆ ರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಿದವರು ರಾಹೇಲಮ್ಮ. “ನಿಲ್ಸಪ್ಪೋ! ಪ್ರಾರ್ಥ್ನೆ ಮಾಡಿ ಕಳುಸ್ತಾ ಇವ್ನಿ!” ಕಂಡಕ್ಟರಿಗೆ ಏನೂ ಅರ್ಥವಾಗದಿದ್ದರೂ ನಿಲ್ಲಿಸಿದ. ಸುಗುಣ ಹತ್ತಿದಳು. ತಿರುಗಿ ನೋಡಲಿಲ್ಲ.

ಒಳಗೆ ಹತ್ತೊಂಬತ್ತು ಎಂಜಲು ಲೋಟಗಳಿದ್ದವು. ಗಂಡಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.

ಮರುದಿನ ಬೆಳಗ್ಗೆ ಐದೂವರೆಗೆ ಗ್ರೂಪಿನಲ್ಲಿ ಪ್ರಭುದಾಸನ ಸಂದೇಶ: ‘ನಮ್ಮ ಕುಟುಂಬದ ಮೇಲೆ ಶೋಧನೆ ಬಂದಿದೆ. ಪ್ರಾರ್ಥಿಸಿರಿ.’ (ಶೋಧನೆ ಎಂದರೆ ನಮ್ಮವರ ಮಾತಿನಲ್ಲಿ ಸೈತಾನನು ಒಡ್ಡುವ ಪರೀಕ್ಷೆ.) ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಡುವೆ ರಾಹೇಲಮ್ಮನ ದನಿಸಂದೇಶ ಒಂದು. ಬಹಳ ಚಿಕ್ಕದು.

“ಪ್ರಭು, ಲೋಟ ತೊಳುದ್ಯೇನ್ಲಾ?”

ಆ ಗುರುವಾರ ಪಲಾವಿಲ್ಲ ಎಂಬ ಸುದ್ದಿ ಹಬ್ಬಿತ್ತು. ಉಪವಾಸ ಪ್ರಾರ್ಥನೆಗೆ ಬಂದವರು ಏಳು ಜನ. ಅಷ್ಟು ಪರಿಶುದ್ಧವಾದ ಉಪವಾಸವನ್ನು ನಾನು ಈ ತಾಲ್ಲೂಕಿನಲ್ಲಿ ಕಂಡಿಲ್ಲ.

ಸಭೆಯಲ್ಲಿ ಒಳ್ಳೆಯವನಾಗಿರುವುದು ಸುಲಭ, ಓದುಗರೇ. ಅಲ್ಲಿ ವಾರಕ್ಕೆ ಎರಡು ಗಂಟೆ, ಒಗೆದ ಬಟ್ಟೆ, ಮೈಕು. ಮನೆಯಲ್ಲಿ ಒಳ್ಳೆಯವನಾಗಿರಲು ಹೋದರೆ “ಸ್ತೋತ್ರ” ಅನ್ನುವವರು ಯಾರೂ ಇರುವುದಿಲ್ಲ. ಪಾತ್ರೆ ತೊಳೆದವನ ಫೋಟೋ ತೆಗೆಯುವವರಿಲ್ಲ. ಹಾಗಿರುವಾಗ ಬುದ್ಧಿವಂತನಾದ ಗಂಡಸು ತನ್ನ ಪುಣ್ಯವನ್ನು ಎಲ್ಲಿ ಖರ್ಚು ಮಾಡುತ್ತಾನೆ? ಹೊಸ್ತಿಲ ಆಚೆಗೆ.

ಸುಗುಣ ಹತ್ತು ದಿನ ಎಂದಿದ್ದವಳು ಹದಿನಾಲ್ಕು ದಿನ ಇದ್ದು ಬಂದಳು. ಹೊರಡುವ ಹೊತ್ತಿಗೆ ತಾಯಿ ಗೋಡೆ ಹಿಡಿದು ನಿಲ್ಲುವಂತಾಗಿದ್ದರು. ನಡುವೆ ಒಂದು ಮಧ್ಯಾಹ್ನ ಪ್ರಭುದಾಸನೂ ಮಳವಳ್ಳಿಗೆ ಹೋಗಿ, ಅತ್ತೆಯ ಕಾಲಬಳಿ ಅರ್ಧ ಗಂಟೆ ಕುಳಿತಿದ್ದನಂತೆ. ಫೋಟೋ ತೆಗೆಯಲಿಲ್ಲವಂತೆ. ಇದನ್ನು ಹೇಳಿದವಳು ಕೃಪಾ. ನಂಬುವುದು ಕಷ್ಟ, ಆದರೂ ನಂಬಿದ್ದೇನೆ.

ಆಕೆ ಮರಳಿದ ಮೇಲಿನ ಭಾನುವಾರ ಅವನು ಆಲಯದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ: “ಕಲ್ಲೆದೆಯ ಒಬ್ಬ ಗಂಡನಿಗಾಗಿ ನಾನು ಪ್ರಾರ್ಥಿಸಿದೆ. ಕರ್ತನು ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟನು.” ಆ ಗಂಡನ ಹೆಸರನ್ನು ಮಾತ್ರ ಹೇಳಲಿಲ್ಲ. (ಹೆಸರು ಹೇಳುವಂತಿಲ್ಲ, ನಿಯಮ.) ಹೆಂಗಸರ ಸಾಲಿನಲ್ಲಿ ಸುಗುಣ ತಲೆ ತಗ್ಗಿಸಿ ಕುಳಿತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಸೆರಗು ಬಿಟ್ಟುಕೊಡಲಿಲ್ಲ.

ಆದ್ದರಿಂದ ಎಲ್ಲರಿಗೂ ಆಶೀರ್ವಾದವಿರಲಿ. ತನಗರಿವಿಲ್ಲದೆ ಸರಿಯಾದ ಪ್ರಾರ್ಥನೆಯನ್ನೇ ಮಾಡಿದ ಪ್ರಭುದಾಸನಿಗೆ, ಅವನ ಸಾರನ್ನು ಎರಡು ವಾರ ಉಂಡ ಮಗಳಿಗೆ ಸ್ವಲ್ಪ ಹೆಚ್ಚಾಗಿ. ಕೇಳದೆ ನಿಲ್ಲಿಸಿದ ಕಂಡಕ್ಟರಿಗೆ. ಯಾವ ಆಮೆನ್ನಿಗೂ ಕಾಯದೆ ನೀರು ಕೊಟ್ಟ ಜುಬೇದಾಗೆ. ಗೋಡೆ ಹಿಡಿದು ನಿಂತ ತಾಯಿಗೆ, ಬ್ಯಾಗು ಹಿಡಿದು ಹೊರಟ ಮಗಳಿಗೆ. ಕಾಫಿ ಕುಡಿದು ಸುಮ್ಮನಿದ್ದ ನಮಗೂ, ಉಳಿದರೆ.

ಇಷ್ಟು ಬರೆದು ಪೆನ್ನು ಮುಚ್ಚಿದೆ. ಹಿಂದಿನಿಂದ ಇಣುಕಿ ಓದುತ್ತಿದ್ದ ನನ್ನ ಹೆಂಡತಿ ಕೇಳಿದಳು:

“ನಮ್ಮಪ್ಪ ಕೊನೇಗಾಲ್ದಲ್ಲಿ ಮಲಗಿದ್ದಾಗ ನಾನು ಹೋಗ್ಬರ್ತೀನಿ ಅಂದ್ನಲ್ಲ, ಪರೀಕ್ಷೆ ಪೇಪರು ತಿದ್ದಿ ಮುಗೀಲಿ ಇರು ಅಂದ್ರಿ. ಅದ್ನೂ ಬರುದ್ರಾ?”