ಒಂದು ಮುಕ್ಕು ಮಂಡಕ್ಕಿ

ಹುಲಿಗೆಮ್ಮ, ನೀನು ತಿನ್ನಿಸಿದ ಒಗ್ಗರಣೆ ಮಂಡಕ್ಕಿಯಿಂದ ನಿನ್ನ ಗಂಡ ಸತ್ತ ಅಂತ ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಸುಳ್ಳು ಅಂತ ನನಗೆ ಗೊತ್ತಿತ್ತು.

ನಾನು ಹೆಚ್ಚು ಸಾಲಿ ಕಲಿತಾಕಿ ಅಲ್ಲ. ಆದರೂ ಬರೀತೀನಿ. ಬಾಯಿಂದ ಹೇಳೋಕೆ ಹೋದರೆ ಮತ್ತೆ ಏನಾದರೂ ಸೇರಿಸಿಬಿಡ್ತೀನೇನೋ ಅಂತ ಅಂಜಿಕೆ.

ಮೊಮ್ಮಗಳು ಹುಟ್ಟಿದಾಗಿಂದ ನನ್ನ ಕಾಲು ನೆಲದ ಮೇಲಿಲ್ಲ. ಕಂಪ್ಲಿಯ ನಮ್ಮ ಓಣಿ ತುಂಬ ಸಕ್ಕರೆ ಹಂಚಿದೆ, ಗುರುತಿಲ್ಲದ ಆಟೋದವನ ಬಾಯಿಗೂ ಹಾಕಿದೆ! ಹೊಸಪೇಟೆ ಆಸ್ಪತ್ರೆಯಲ್ಲಿದ್ದಾಗ ಕೂಸು ಹಳದಿಯಾಯಿತು. "ಇದು ನೀವು ತಿಳಕೊಂಡ ಕಾಮಣಿ ಅಲ್ಲಜ್ಜಿ, ಹೆದರಬ್ಯಾಡ್ರಿ" ಅಂತ ಡಾಕ್ಟರಮ್ಮ ನೀಲಿ ದೀಪದ ಕೆಳಗೆ ಮಲಗಿಸಿದರು. ಬಣ್ಣ ತಿಳಿಯಾಯಿತು. ಈಗ ನನ್ನ ಬೆರಳು ಹಿಡಿದರೆ ಬಿಡಂಗಿಲ್ಲ, ಭಾಳ ಗಟ್ಟಿಗಿತ್ತಿ. ಆದರೆ ಆ ಹಳದಿ ಕಣ್ಣು ತೆರೆದು ನನ್ನ ನೋಡಿತಲ್ಲ, ಆಗ ನನಗೆ ಕಂಡದ್ದು ಮಾರೆಪ್ಪನ ಕಣ್ಣು. ನಿನ್ನ ಗಂಡನ ಕಣ್ಣು.

ನೀನು ಸಂಡೂರಿಂದ ಕೂಸಿನ ತಲೆಗೆ ಕುಲಾಯಿ ಹೊಲಿದುಕೊಂಡು ಬಂದೆ. ನನ್ನ ಸೊಸೆಯ ಕೈ ಹಿಡಿದು ಅಂದೆ: "ಹಾಲುಣಿಸಾಕಿ ನೀನು, ಎಣ್ಣಿ ಮುಟ್ಟಬ್ಯಾಡವ್ವ. ನಾನು ಒಂದು ಮುಕ್ಕು ಮಂಡಕ್ಕಿಗೆ ಮನಿ ಗಂಡಸನ್ನ ಕಳಕೊಂಡಾಕಿ."

ನಾನು ಬಾಗಿಲಲ್ಲೇ ಇದ್ದೆ. ಎಲ್ಲಾ ಕೇಳಿಸಿತು.

ಕಾಮಣಿಗೆ ಔಷಧಿ ಕೊಡೋದು ನನಗೆ ಅತ್ತೆಯಿಂದ ಬಂದದ್ದು. ಭಾನುವಾರ ಹೊತ್ತು ಹುಟ್ಟೋ ಮುಂಚೆ ನೆಲನೆಲ್ಲಿ ಕಿತ್ತು, ಆಡಿನ ಹಾಲಲ್ಲಿ ಅರೆದು, ಬರಿ ಹೊಟ್ಟೆಗೆ ಕುಡಿಸಬೇಕು; ಕುಡಿದವರು ಎಣ್ಣೆ ಮುಟ್ಟಬಾರದು, ಅದು ಪಥ್ಯ. ಕೀಳೋಕೆ ಹೊರಟಲ್ಲಿಂದ ಕುಡಿಸೋ ತನಕ ಯಾರ ಕೂಡಾನೂ ಮಾತಾಡಬಾರದು. ಆಡಿದರೆ ಗುಣ ಹೋಗ್ತದೆ ಅಂತಿದ್ದರು ಅತ್ತೆ. ಎಷ್ಟೋ ಮಂದಿಯ ಕಣ್ಣು ಬೆಳ್ಳಗಾದದ್ದನ್ನ ನಾನೇ ನೋಡಿದ್ದೆ. ಅದರ ಸೊಕ್ಕೂ ನನಗಿತ್ತು.

ಮಾರೆಪ್ಪನಿಗೆ ಕಾಮಣಿ ಆಗಿ ನೀವು ನನ್ನ ಹತ್ತಿರ ಬಂದ ಆ ಭಾನುವಾರ ಬಾಳೆತೋಟದ ಬದುವಿನಲ್ಲಿ ಸೊಪ್ಪು ಕೀಳುವಾಗ ಮೂಗಿಗೆ ಘಾಟು ಬಡಿಯಿತು. ಕಾಲುವೆ ಹತ್ತಿರ ತೋಟದ ಆಳು ಪಂಪು ತೊಳೀತಿದ್ದ. ಕಳೆ ಸುಡೋಕೆ ವಿಷ ಹೊಡೀತಾರಲ್ಲ, ಆ ಪಂಪು. "ಏನಬೇ, ಇಷ್ಟು ಜಲ್ದಿ?" ಅಂತ ಅವನೇ ಕೇಳಿದ. ಈ ಬದುವಿಗೂ ಹೊಡೆದೆಯೇನಪ್ಪಾ — ಇಷ್ಟು ಕೇಳಿದ್ದರೆ ಸಾಕಿತ್ತು. ನಾನು ತುಟಿ ಬಿಗಿದು ಹೊರಟೆ. ಸೊಪ್ಪು ತೊಳೆದೆ, ಮತ್ತೆ ತೊಳೆದೆ. ಘಾಟು ಹೋಗಿರಲಿಲ್ಲ.

ನೀವಿಬ್ಬರೂ ನಮ್ಮ ಕಟ್ಟೆ ಮೇಲೆ ಕಾಯ್ತಿದ್ದಿರಿ, ಸುತ್ತ ಓಣಿಯ ಮಂದಿ. ಚೆಲ್ಲಿಬಿಟ್ಟರೆ ಇವಳ ಕೈಗುಣ ಹೋಯಿತು ಅಂತಾರೆ, ಅನ್ನಿಸಿತು. ಅರೆದೆ. ಕೊಟ್ಟೆ.

ಅರ್ಧ ಕುಡಿದು ಮಾರೆಪ್ಪ ಮುಖ ಕಿವುಚಿದ. "ಯಕ್ಕಾ, ನನ್ನ ಲಾರಿ ಡೀಸೆಲ್ಲೇ ಇದಕ್ಕಿಂತ ಮಸ್ತ್ ಇರ್ತೈತಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಲೋಟದಲ್ಲಿ ಇನ್ನೂ ಅರ್ಧ ಇತ್ತು. ಕುಡಿ ಅಂತ ಕೈಸನ್ನೆ ಮಾಡಿದೆ.

ಸಂಜೆಗೆ ವಾಂತಿ. ಆಮೇಲೆ ಆಸ್ಪತ್ರೆ. ಆಮೇಲೆ...

ಮಣ್ಣು ಮಾಡಿದ ಮೇಲೆ ನೀನು ಅದೇ ಕಟ್ಟೆಗೆ ಬಂದು ಅಳ್ತಾ ಅಂದೆ: "ಬಾಯಿ ಕೆಟ್ಟೈತಿ ಅಂದ ಯಕ್ಕಾ, ಒಂದು ಮುಕ್ಕು ಮಂಡಕ್ಕಿ ಕೊಟ್ಟೆ." ನಾನು ಹುಡುಕ್ತಿದ್ದ ತಪ್ಪನ್ನ ನೀನೇ ತಂದು ನನ್ನ ಕೈಗಿಟ್ಟೆ. ಎಲ್ಲರ ಮುಂದೆ ನಾನು ಅಂದೆ: "ಪಥ್ಯ ಮುರಿದ ಮೇಲೆ ನಾನೇನು ಮಾಡ್ಲಿ ತಂಗಿ? ನಿನ್ನ ಕೈಯಾರೆ ಕೊಂದಿ."

ನೀನು ಒಪ್ಪಿಕೊಂಡೆ. ಸಿಟ್ಟಾದರೂ ಆಗಿದ್ದರೆ! ಇಷ್ಟು ವರ್ಷ ಅಕ್ಕಾ ಅಂತಲೇ ಬಂದೆ.

ಅವನನ್ನು ಕೊಂದದ್ದು ಕಾಮಣಿಯೋ, ಆ ಘಾಟೋ, ನನಗೆ ಗೊತ್ತಿಲ್ಲ. ಮಂಡಕ್ಕಿ ಅಲ್ಲ ಅನ್ನೋದು ಗೊತ್ತಿತ್ತು. ಮಂಡಿ ನೋವು ಅಂತ ನೆಪ ಹೇಳಿ ಔಷಧಿ ಕೊಡೋದು ಬಿಟ್ಟೆ. ಬಚ್ಚಲ ನೀರು ಹರಿಯೋ ಕಡೆ ನೆಲನೆಲ್ಲಿ ತಾನಾಗಿ ಏಳ್ತದೆ. ಕೀಳೋಕೂ ಕೈ ಬರಂಗಿಲ್ಲ, ನೋಡ್ತಾ ಕೂರೋಕೂ ಆಗಂಗಿಲ್ಲ. ತಪ್ಪು ಆ ಸೊಪ್ಪಿನದ್ದಲ್ಲ.

ನಾಡಿದ್ದು ಕೂಸನ್ನ ತೊಟ್ಟಿಲಿಗೆ ಹಾಕ್ತೀವಿ. ಅವತ್ತು ಕಟ್ಟೆ ಮುಂದೆ ನಿಂತಿದ್ದವರು ಬರ್ತಾರೆ. ಅವರೆದುರಿಗೇ ಹೇಳ್ತೀನಿ. ನಿನಗೆ ಮೊದಲೇ ತಿಳೀಲಿ ಅಂತ ಇದು. ಬರೋದು, ಬಿಡೋದು ನಿನಗೆ ಬಿಟ್ಟದ್ದು.

ನಿನ್ನ ಮಾತು ಹಿಡಿದು ಸೊಸೆ ಇವತ್ತೂ ಒಣ ರೊಟ್ಟಿ ತಿಂದಳು. ಈಗ ಎದ್ದು ಎಣ್ಣೆ ಕಾಯಿಸಿ ಅವಳಿಗೆ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ ಹಾಕಿಕೊಡಬೇಕು. ಯಾಕತ್ತಿ, ತಿನ್ನಬಹುದಾ ಅಂತ ಕೇಳ್ತಾಳೆ. ಅವಳಿಂದಲೇ ಹೇಳೋಕೆ ಶುರು ಮಾಡ್ತೀನಿ.