ನಾನು ಹೂಡಿಸಿದ ಒಲೆ

೨೦೦೭ನೆಯ ಇಸವಿ. ಐನಾಪುರದಿಂದ ನಡೆದು ಹೋಗುವಷ್ಟು ದೂರದಲ್ಲಿದೆ ನಮ್ಮೂರು. ಈಗ ಕಾಗವಾಡ ತಾಲೂಕು, ಆಗ ಅಥಣಿಗೆ ಸೇರಿತ್ತು. ನನ್ನ ಹುದ್ದೆಯ ಹೆಸರು ಫೀಲ್ಡ್ ಅಸಿಸ್ಟೆಂಟ್. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳಿಗೆ ಆ ಹೆಸರು ಬಂದದ್ದು ಹೀಗೆ: ಮಾನವಶಾಸ್ತ್ರ ಓದಿದ ಒಬ್ಬ ಮೇಡಂ ಮೈಸೂರು ಕಡೆಯಿಂದ ಬಡವರ ಸಂಸಾರದ ಅಭ್ಯಾಸಕ್ಕೆ ಬಂದಿದ್ದರು. ನಮ್ಮ ಕನ್ನಡದಲ್ಲಿ ಅರ್ಧ ಮರಾಠಿ, ಅವರಿಗೆ ಅದು ತಿಳಿಯುತ್ತಿರಲಿಲ್ಲ. ಯಾರ ಬಾಗಿಲಲ್ಲಿ ನಿಂತರೂ ಒಳಗೆ ಕರೆಸಿಕೊಳ್ಳುವಂಥ ಹೆಂಗಸು ಬೇಕಾಗಿತ್ತು. ನಾನು ಸಿಕ್ಕೆ. ಎಂಟು ತಿಂಗಳು ಅವರ ಹಿಂದೆ, ನಿಜ ಹೇಳಬೇಕೆಂದರೆ ಅವರ ಮುಂದೆ, ತಿರುಗಿದೆ.

ಮೊದಲ ದಿನವೇ ಮೇಡಂ ನನಗೆ ಒಂದು ಪಾಠ ಹೇಳಿಕೊಟ್ಟರು. ಒಂದು ಸೂರಿನ ಕೆಳಗೆ ಎಷ್ಟು ಜನ ಇದ್ದಾರೆ ಎಂಬುದು ಮುಖ್ಯವಲ್ಲ, ಎಷ್ಟು ಒಲೆ ಉರಿಯುತ್ತವೆ ಎಂಬುದು ಮುಖ್ಯ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಅದಕ್ಕೆ ಅವರು ಹೌಸ್‌ಹೋಲ್ಡ್ ಎನ್ನುತ್ತಿದ್ದರು. ಒಲೆ ಎರಡಾದರೆ ಫಾರಂ ಎರಡು. ನನಗೂ ಅದು ಸರಿ ಕಂಡಿತು. ಅಣ್ಣತಮ್ಮಂದಿರು ಬೇರೆಯಾದರು ಎಂದು ನಾವು ಹೇಳುವುದೂ ಒಲೆ ಬೇರೆಯಾದ ದಿನವೇ.

ತಾವು ಸರ್ಕಾರದವರಲ್ಲ, ಏನನ್ನೂ ಕೊಡುವುದಿಲ್ಲ ಎಂದು ಮೇಡಂ ಪ್ರತಿ ಮನೆಯಲ್ಲೂ ಹೇಳುತ್ತಿದ್ದರು. ನಾನೇ ಅದನ್ನು ನಮ್ಮ ಮಾತಿನಲ್ಲಿ ತಿಳಿಸಿ ಹೇಳುತ್ತಿದ್ದೆ. ಹೇಳುವ ನಾನೇ ನಂಬಿರಲಿಲ್ಲ. ಅಷ್ಟು ದೂರದಿಂದ ಬಂದು ಬಡವರ ಹೆಸರು ಬರೆದುಕೊಂಡು ಹೋಗುವವರು ಸುಮ್ಮನೆ ಬರೆಯುತ್ತಾರೆಯೇ? ಒಂದು ಫಾರಂಗೆ ಒಂದು ರೇಷನ್ ಕಾರ್ಡು ಬರುತ್ತದೆ ಎಂದು ಊರಲ್ಲಿ ಸುದ್ದಿಯಾಯಿತು. ಆ ಸುದ್ದಿ ನಾನು ಹಬ್ಬಿಸಲಿಲ್ಲ. ತಡೆಯಲೂ ಇಲ್ಲ.

ನಮ್ಮ ಓಣಿಯ ಗಂಗವ್ವನ ಮನೆಯಲ್ಲಿ ಒಂದೇ ಒಲೆ. ಹಿರಿಯ ಮಗ ಸಿದ್ದಪ್ಪ, ಅವನ ಹೆಂಡತಿ ಮಕ್ಕಳು, ಜೊತೆಗೆ ಕಿರಿಯ ಸೊಸೆ ಕಸ್ತೂರಿ. ಕಸ್ತೂರಿಯ ಗಂಡ ಹಿಂದಿನ ವರ್ಷ ಕಾಮಾಲೆಯಾಗಿ ಸತ್ತಿದ್ದ. ಮಕ್ಕಳಿರಲಿಲ್ಲ. ಅವನ ಪಾಲಿನ ಹೊಲ ಎಲ್ಲರ ಹೊಲದೊಳಗೇ ಇತ್ತು, ಅವಳ ರೊಟ್ಟಿ ಎಲ್ಲರ ಬುಟ್ಟಿಯೊಳಗೇ ಇತ್ತು. ನಾನು ಗಂಗವ್ವನಿಗೆ ಹೇಳಿದೆ:

“ಸಣ್ಣ ಸೊಸಿಗೆ ಹಿತ್ತಲದಾಗ ಒಂದು ಒಲಿ ಹೂಡಸಬೇ. ಎರಡು ಮನಿ ಅಂತ ಬರ್ಕೊಂತಾರ.”

ಒಬ್ಬಂಟಿ ಹೆಣ್ಣಿಗೆ ಬೇರೆ ಒಲೆ ಹಾಕಿಸಿದರೆ ಜನ ಏನಂದಾರು ಎಂದು ಅವಳು ಅನುಮಾನಿಸಿದಳು. ಜನರೂ ತಮ್ಮ ತಮ್ಮ ಒಲೆ ಹಾಕುವುದರಲ್ಲೇ ಇದ್ದಾರೆ, ನಿನ್ನ ಹಿತ್ತಲು ನೋಡಲು ಯಾರಿಗೆ ಪುರುಸೊತ್ತು ಎಂದೆ. ಮರುದಿನ ಹಿತ್ತಲಿನ ತಗಡಿನ ಸೂರಿನ ಕೆಳಗೆ, ಎಮ್ಮೆ ಕಟ್ಟುವ ಗೂಟದ ಪಕ್ಕದಲ್ಲಿ, ಕಸ್ತೂರಿ ತಾನೇ ಮಣ್ಣು ಕಲಸಿ ಒಲೆ ಹಾಕಿದಳು. ನಗುತ್ತಲೇ ಹಾಕಿದಳು.

“ಬಾಳಕ್ಕಾ, ಕಾರ್ಡ್ ಬಂದ ದಿನಾನ ಇದನ್ನ ಒದ್ದು ಕೆಡವತೇನಿ ನೋಡು.”

ಮೇಡಂ ದಡ್ಡರಲ್ಲ. ಬಂದವರೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಂದಿನ ಗೋಡೆಯ ಮೇಲೆ ಕೈಯಾಡಿಸಿದರು.

“ಬಾಳವ್ವ, ಗೋಡೆಗೆ ಮಸಿಯೇ ಹಿಡಿದಿಲ್ಲವಲ್ಲ?”

“ಮೊನ್ನೆ ಸುಣ್ಣಾ ಬಳದಾರ್ರಿ,” ಎಂದೆ.

ಅವರು ಕಸ್ತೂರಿಯ ಕಡೆ ತಿರುಗಿ, ಅಡಿಗೆ ಬೇರೆ ಮಾಡಿಕೊಳ್ಳುತ್ತೀರಾ ಎಂದು ಕೇಳಿದರು. ಅವಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, “ಹೌದ್ರಿ” ಎಂದಳು. ಮೇಡಂ ಒಲೆಯ ಫೋಟೋ ತೆಗೆದು ಎರಡನೆಯ ಫಾರಂ ಬಿಡಿಸಿದರು.

ಒಮ್ಮೆ ಕೇಳಿ ಬಿಟ್ಟುಬಿಡುವುದು ಅವರ ಕೆಲಸದ ರೀತಿಯಲ್ಲ. ಅದೇ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ, ಹೇಳದೆ ಹೋಗುತ್ತಾರೆ. ಹಾಗಾಗಿ ಆ ಒಲೆ ದಿನಾ ಉರಿಯಬೇಕಾಯಿತು. ಮೊದಲು ಕಸ್ತೂರಿ ಬರೀ ನೀರು ಕಾಯಿಸಿದಳು. ಆಮೇಲೆ ಚಹಾ. ಆಮೇಲೆ ಹಿರಿಯ ಸೊಸೆ ಅವಳಿಗೆ ಹಿಟ್ಟು ಬೇರೆ ತೆಗೆದಿಡಲು ಶುರುಮಾಡಿದಳು. ಅಭ್ಯಾಸ ಮುಗಿಸಿ ಮೇಡಂ ಹೊರಟುಹೋದ ದಿನ ಕಸ್ತೂರಿ ತನ್ನ ರೊಟ್ಟಿ ಹಂಚು ಎತ್ತಿಕೊಂಡು ದೊಡ್ಡ ಅಡಿಗೆಮನೆಗೆ ಹೋದರೆ, ಹಿರಿಯ ಸೊಸೆ ಬಾಗಿಲಿಗೆ ಅಡ್ಡ ನಿಂತಳು.

“ನಿನ್ನ ಒಲಿ ಅಲ್ಲೈತೆಲ್ಲ.”

ಗಂಗವ್ವ ಕೇಳಿಸಿಕೊಂಡಳು, ತಾಟಿನಲ್ಲಿದ್ದ ರೊಟ್ಟಿ ಮುರಿದಳು. ಉಣ್ಣಿಸುವ ಕೈ ಯಾವುದೋ ಅದರ ಕಡೆಗೇ ಮುಪ್ಪಿನವರು ಇರುತ್ತಾರೆ. ಕಾರ್ಡಂತೂ ಯಾರಿಗೂ ಬರಲಿಲ್ಲ.

ಮೂರು ವರ್ಷ ಕಳೆದು ಗಂಗವ್ವ ತೀರಿಕೊಂಡಳು. ಕಸ್ತೂರಿ ಗಂಡನ ಪಾಲಿನ ಹೊಲ ಕೇಳಿದಳು. ಹಿರಿಯರು ಚಾವಡಿಯಲ್ಲಿ ಕೂತರು. ಸಿದ್ದಪ್ಪ ದನಿ ಏರಿಸಲಿಲ್ಲ.

“ನಮ್ಮವ್ವ ಇದ್ದಾಗನ ಈಕಿ ಬ್ಯಾರೆ ಆಗ್ಯಾಳ. ಕೊಡೂದು ಆಗನ ಕೊಟ್ಟೇವಿ. ಮೇಡಮ್ಮನ ಕರ್ಕೊಂಡು ಬಂದು ಬರಸಿದಾಕಿ ಇಲ್ಲೇ ಕುಂತಾಳ, ಕೇಳ್ರಿ.”

ನಾನು ಎದ್ದು ಇದ್ದದ್ದು ಇದ್ದಹಾಗೆ ಹೇಳಿದೆ. ಒಲೆ ಸುಳ್ಳು, ಹೂಡಿಸಿದವಳು ನಾನು, ಕಸ್ತೂರಿಗೆ ಯಾರೂ ಏನೂ ಕೊಟ್ಟಿಲ್ಲ. ಹಿರಿಯರಲ್ಲೊಬ್ಬ ನಕ್ಕ.

“ಬಾಳವ್ವಾ, ಆಗ ಅವರಿಗೆ ಸುಳ್ಳು ಹೇಳಿದ್ಯೋ, ಈಗ ನಮಗ ಹೇಳಾಕತ್ತೀಯೋ?”

ಎರಡು ದಿನದ ಗಡುವು ಕೇಳಿ ಮೇಡಂಗೆ ಫೋನ್ ಮಾಡಿಸಿದೆ. ಆಗಿದ್ದೆಲ್ಲ ಹೇಳಿ, ಆ ಒಲೆ ತಪ್ಪು ಎಂದು ಒಂದು ಕಾಗದ ಬರೆದುಕೊಡಿ ಎಂದೆ.

“ಪುಸ್ತಕ ಅಚ್ಚಾಗಿದೆ ಬಾಳವ್ವ. ಎಲ್ಲರ ಹೆಸರು ಬದಲಿಸಿದ್ದೇನೆ. ಅದು ಯಾರ ಮನೆ ಎಂದು ನಾನು ಬರೆದುಕೊಡುವಂತಿಲ್ಲ. ಅವರ ಒಳ್ಳೆಯದಕ್ಕೇ ಇರುವ ನಿಯಮ ಅದು.”

ಯಾರ ಒಳ್ಳೆಯದಕ್ಕೆ ಎಂದು ಕೇಳಿದೆ. ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಎಂದರು.

ಹಿರಿಯರು ಒಲೆ ಇರುವಷ್ಟು ಜಾಗ ಕಸ್ತೂರಿಗೆ, ಹೊಲ ಸಿದ್ದಪ್ಪನಿಗೆ ಎಂದು ಎದ್ದರು. ಬೇಕಾದರೆ ಅಥಣಿ ಕೋರ್ಟಿಗೆ ಹೋಗಲಿ ಎಂದರು. ಮುಗಳಖೋಡದಿಂದ ಅವಳ ತವರಿನವರು ಒಂದು ಸಲ ಬಂದರು, ಚಹಾ ಕುಡಿದು ಹೋದರು.

ಮೇಡಂ ಆ ಪುಸ್ತಕವನ್ನು ನನಗೂ ಕಳಿಸಿದರು. ಒಲೆಯ ಚಿತ್ರವಿದೆ. ಕೆಳಗೆ ಬರೆದದ್ದನ್ನು ಮೊಮ್ಮಗಳಿಂದ ಓದಿಸಿದೆ: ವಿಧವೆಯೊಬ್ಬಳ ಸ್ವತಂತ್ರ ಸಂಸಾರ. ತಿದ್ದಿದ ಮುದ್ರಣ ಇನ್ನೂ ಬಂದಿಲ್ಲ.

ಮೇಡಂ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅವರು ಕಂಡದ್ದನ್ನು ಬರೆದರು, ತೋರಿಸಿದವಳು ನಾನು. ಆ ಕೆಲಸ ನನಗೆ ಕಲಿಸಿದ್ದಿಷ್ಟೇ: ಬಡವರ ಮನೆಯಲ್ಲಿ ಸುಳ್ಳಿಗೆಂದು ಇಟ್ಟದ್ದು ಸುಳ್ಳಾಗಿ ಉಳಿಯುವುದಿಲ್ಲ. ಇಟ್ಟ ಜಾಗದಲ್ಲೇ ಖರೆಯಾಗುತ್ತದೆ.

ಕಸ್ತೂರಿ ಈಗ ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಾಳೆ. ಮೊನ್ನೆ ನಾನು ಹಿತ್ತಲ ದಾರಿಯಲ್ಲಿ ಹೋಗುವಾಗ ಒಲೆಯ ಮುಂದೆ ಕೂತಿದ್ದಳು. ನನ್ನನ್ನು ಕಂಡು ಊದುಗೊಳವೆ ಕೆಳಗಿಟ್ಟಳು.

“ನಿಮ್ಮ ಮೇಡಮ್ಮಗ ಈಗ ಬರಾಕ ಹೇಳು ಬಾಳಕ್ಕಾ. ಗ್ವಾಡಿ ಕರ್ರಗಾಗೇತಿ.”